ಬಾಲ್ಕನಿಯಲ್ಲೇ ವೀಕ್ಷಣಾಲಯ: ಮನೆಯಿಂದಲೇ ನಕ್ಷತ್ರಗಳ ಫೋಟೊ ತೆಗೆಯೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಚಿತ್ರದುರ್ಗ: ನಕ್ಷತ್ರದ ಫೋಟೊ ತೆಗೀಬೇಕು ಅಂದ್ರೆ ಲಡಾಖ್‌ಗೆ ಹೋಗ್ಬೇಕು, ಲಕ್ಷಗಟ್ಟಲೆ ದುಡ್ಡು ಸುರೀಬೇಕು ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ಎರಡೂ ಬೇಡ. ಮನೆಯ ಬಾಲ್ಕನಿ, ಒಂದು ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, ಗಟ್ಟಿ ಟ್ರೈಪಾಡ್, ಜೊತೆಗೆ ತಾಳ್ಮೆ ಇದ್ರೆ ಶುರು ಮಾಡಬಹುದು. ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ, ರಾತ್ರಿ ಒಂಬತ್ತೂವರೆಗೆ ಬಾಲ್ಕನಿಗೆ ಬಂದವರಿಗೂ ಎರಡು ಗಂಟೆ ಕೆಲಸ ಸಿಗುತ್ತೆ.

ಆದ್ರೆ ತಿಳ್ಕೊಳ್ಳದೆ ಕೈ ಹಾಕಿದ್ರೆ ಮೂರು ಕಡೆ ಪೆಟ್ಟು ಬೀಳುತ್ತೆ: ದುಡ್ಡಿಗೆ, ಕಣ್ಣಿಗೆ, ಅಕ್ಕಪಕ್ಕದ ಮನೆಯವರ ಜೊತೆಗಿನ ಸಂಬಂಧಕ್ಕೆ. ಎರಡನೇ ಮಹಡಿಯ ದಕ್ಷಿಣದ ಬಾಲ್ಕನಿಯಲ್ಲಿ ಮೂರು ವರ್ಷದಿಂದ ಈ ಕೆಲಸ ಮಾಡ್ತಿರುವ ನಾನು ಮೊದಲನೆಯದನ್ನೂ ಮೂರನೆಯದನ್ನೂ ಅನುಭವಿಸಿದ್ದೇನೆ. ಎರಡನೆಯದು ದೇವರ ದಯೆಯಿಂದ ತಪ್ಪಿದೆ. ನಿಮಗೆ ಮೂರೂ ತಪ್ಪಲಿ ಅಂತ ಈ ಮಾಹಿತಿ.

ನಮ್ಮ ಜಿಲ್ಲೆಗೆ ಇರುವ ಅನುಕೂಲ

ಮಳೆ ಕಡಿಮೆ ಅಂತ ನಾವು ಸದಾ ಕೊರಗ್ತೀವಿ. ಆಕಾಶ ನೋಡುವವರಿಗೆ ಅದೇ ವರ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆ ಮೋಡವಿಲ್ಲದ ರಾತ್ರಿಗಳು ಬೇಕಾದಷ್ಟು ಸಿಗುತ್ತವೆ.

ಎರಡನೆಯದು ನಾವಿರುವ ಜಾಗ. ಚಿತ್ರದುರ್ಗ ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭೂಮಧ್ಯರೇಖೆಗೆ ಹತ್ತಿರ ಇರೋದ್ರಿಂದ ದಕ್ಷಿಣದ ಆಕಾಶ ನಮಗೆ ಚೆನ್ನಾಗಿ ಕಾಣುತ್ತೆ. ಇಂಗ್ಲೆಂಡ್‌ನಲ್ಲಿ ಎಷ್ಟು ದೊಡ್ಡ ಟೆಲಿಸ್ಕೋಪ್ ಇಟ್ಟುಕೊಂಡ್ರೂ ಕಾಣದ ತ್ರಿಶಂಕು ನಕ್ಷತ್ರಪುಂಜ, ಒಮೆಗಾ ಸೆಂಟಾರಿ ಎಂಬ ದೊಡ್ಡ ನಕ್ಷತ್ರಗುಚ್ಛ ಇವೆರಡೂ ನಮ್ಮ ದಕ್ಷಿಣದ ಬಾಲ್ಕನಿಗೆ ಸಿಗುತ್ತವೆ.

ಮೊದಲು ದಿಕ್ಕು ನೋಡಿ

ಸೈಟ್ ತಗೊಳ್ಳುವಾಗ ದಿಕ್ಕು ನೋಡ್ತೀವಲ್ಲ, ಇಲ್ಲೂ ಹಾಗೇ. ಎಲ್ಲ ಬಾಲ್ಕನಿಗೂ ಎಲ್ಲ ಆಕಾಶ ಕಾಣಲ್ಲ. ಯಾವ ದಿಕ್ಕಿಗೆ ಏನು ಸಿಗುತ್ತೆ ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು.

ದಕ್ಷಿಣ: ಎಲ್ಲಕ್ಕಿಂತ ಒಳ್ಳೆಯದು. ವೃಶ್ಚಿಕ ಮತ್ತು ಧನು ರಾಶಿ, ಆಕಾಶಗಂಗೆಯ ದಟ್ಟವಾದ ನಡುಭಾಗ ದಿಗಂತದಿಂದ ಸುಮಾರು 47 ಡಿಗ್ರಿ ಎತ್ತರಕ್ಕೆ ಏರುತ್ತವೆ. ಒಮೆಗಾ ಸೆಂಟಾರಿ 28 ಡಿಗ್ರಿ, ತ್ರಿಶಂಕು ಸುಮಾರು 16 ಡಿಗ್ರಿ. ಎದುರಿಗೆ ಎತ್ತರದ ಕಟ್ಟಡ ಇದ್ರೆ ತ್ರಿಶಂಕುವಿನ ಆಸೆ ಬಿಡಬೇಕು.

ಪೂರ್ವ: ಗ್ರಹಗಳು, ಹುಣ್ಣಿಮೆ ಚಂದ್ರ ಹುಟ್ಟೋದು ಇಲ್ಲೇ. ನವೆಂಬರ್ ಸಂಜೆ ಕೃತ್ತಿಕೆ ಏರಿ ಬರುವುದನ್ನು ಕೂತಲ್ಲೇ ನೋಡಬಹುದು. ಆದ್ರೆ ಬೆಳಗಿನ ಬಿಸಿಲು ನೇರ ಒಳಗೆ ಬರುತ್ತೆ. ಅದರ ಅಪಾಯ ಮುಂದೆ ಹೇಳ್ತೀನಿ.

ಪಶ್ಚಿಮ: ಅಂಗಡಿಯವರಿಗೆ ಅನುಕೂಲ. ಸಂಜೆಯ ಬಿದಿಗೆ, ತದಿಗೆ ಚಂದ್ರ, ಶುಕ್ರ, ಮುಳುಗುವ ನಕ್ಷತ್ರಪುಂಜಗಳು ಸಿಗುತ್ತವೆ. ತೊಂದರೆ ಏನಂದ್ರೆ ಇಡೀ ಮಧ್ಯಾಹ್ನ ಗೋಡೆ ಕಾದು, ರಾತ್ರಿ ಹತ್ತರವರೆಗೆ ಬಿಸಿಗಾಳಿ ಬಿಡುತ್ತೆ. ಆ ಗಾಳಿಯ ಅಲೆಯಲ್ಲಿ ಗುರು, ಶನಿ ಗ್ರಹಗಳು ಬಾಣಲೆ ಎಣ್ಣೆಯ ಮೇಲೆ ಕಂಡ ಹಾಗೆ ಅಲ್ಲಾಡುತ್ತವೆ.

ಉತ್ತರ: ಕೈಬಿಡಬೇಡಿ. ಸಪ್ತರ್ಷಿ ಮಂಡಲ, ಕ್ಯಾಸಿಯೋಪಿಯಾ ಇಲ್ಲಿವೆ. ಧ್ರುವ ನಕ್ಷತ್ರ ಬರೀ 14 ಡಿಗ್ರಿ ಎತ್ತರದಲ್ಲಿರುತ್ತೆ. ಧ್ರುವ ನಕ್ಷತ್ರದ ಎತ್ತರ ನಮ್ಮ ಅಕ್ಷಾಂಶದಷ್ಟೇ ಅನ್ನೋದು ನೆನಪಿರಲಿ.

ಎಷ್ಟು ಆಕಾಶ ಇದೆ, ಅಳೆದು ನೋಡಿ

ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು ಸುಮಾರು 1 ಡಿಗ್ರಿ. ಎದುರು ಮನೆಯ ಸೂರಿನಿಂದ ನಿಮ್ಮ ತಲೆ ಮೇಲಿನ ಸ್ಲ್ಯಾಬ್ ಅಂಚಿನವರೆಗೆ ಎಷ್ಟು ಮುಷ್ಟಿ ಅಂತ ಎಣಿಸಿ. ಅದೇ ನಿಮ್ಮ ಆಕಾಶದ ಕಿಟಕಿ.

ಈ ಕಿಟಕಿಯನ್ನು ದುಡ್ಡಿಲ್ಲದೆ ದೊಡ್ಡದು ಮಾಡಬಹುದು. ಕ್ಯಾಮೆರಾದಿಂದ ಮೇಲಿನ ಸ್ಲ್ಯಾಬ್‌ಗೆ ಆರು ಅಡಿ ಅಂತರ ಇದೆ ಅಂದ್ಕೊಳ್ಳಿ. ಸ್ಲ್ಯಾಬಿನ ಅಂಚಿನಿಂದ ಮೂರು ಅಡಿ ಒಳಗೆ ಟ್ರೈಪಾಡ್ ಇಟ್ರೆ 63 ಡಿಗ್ರಿ ಎತ್ತರದವರೆಗೆ ಕಾಣುತ್ತೆ. ಅದನ್ನೇ ಅಂಚಿಗೆ ಒಂದು ಅಡಿ ಹತ್ತಿರಕ್ಕೆ ತಂದ್ರೆ 80 ಡಿಗ್ರಿ. ಎರಡು ಅಡಿ ಸರಿಸಿದ್ದಕ್ಕೆ 17 ಡಿಗ್ರಿ ಲಾಭ.

ಲಾಭ ಅಂತ ರೇಲಿಂಗ್‌ನಿಂದ ಆಚೆ ಏನನ್ನೂ ಚಾಚಬೇಡಿ. ಎರಡನೇ ಮಹಡಿಯಿಂದ ಲೆನ್ಸ್ ಬಿದ್ರೆ ಲೆನ್ಸ್ ಹೋಗೋದು ಸಣ್ಣ ನಷ್ಟ, ಕೆಳಗೆ ಜನ ಓಡಾಡ್ತಿರ್ತಾರೆ. ಟ್ರೈಪಾಡ್ ತಲೆಗೂ ಕ್ಯಾಮೆರಾಗೂ ಸೇರಿಸಿ ಒಂದು ನೈಲಾನ್ ಹಗ್ಗ ಕಟ್ಟಿ, ಅದರ ತುದಿಯನ್ನು ಕಿಟಕಿ ಗ್ರಿಲ್‌ಗೆ ಬಿಗೀರಿ. ಇದು ತಪ್ಪಿಸಬಾರದ ಕೆಲಸ.

ನೆಲ ಅಲ್ಲಾಡಬಾರದು

ಬಾಲ್ಕನಿ ಅನ್ನೋದು ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬ್. ಈಜುಕೊಳದ ಹಲಗೆ ಇದ್ದ ಹಾಗೆ, ತುದಿಯಲ್ಲಿ ನಡೆದ್ರೆ ನಡುಗುತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಮೊದಲ ತಿಂಗಳು ನನ್ನ ಫೋಟೊಗಳಲ್ಲಿ ನಕ್ಷತ್ರಗಳೆಲ್ಲ ಎಳ್ಳಿನ ಬದಲು ಜೀರಿಗೆ ಆಕಾರದಲ್ಲಿ ಬರ್ತಿದ್ದವು. ಲೆನ್ಸ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯುವುದರಲ್ಲಿದ್ದೆ. ಆಮೇಲೆ ಗೊತ್ತಾಯ್ತು, ಪಕ್ಕದ ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಸ್ಪಿನ್ ಆಗ್ತಿತ್ತು!

ಪರಿಹಾರ ಸುಲಭ. ಟ್ರೈಪಾಡಿನ ಮೂರರಲ್ಲಿ ಎರಡು ಕಾಲು ಗೋಡೆ ಕಡೆ ಇರಲಿ, ಸ್ಲ್ಯಾಬ್ ಗಟ್ಟಿ ಇರೋದು ಅಲ್ಲಿ. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೇ ಟೈರಿನ ತುಂಡುಗಳನ್ನು ಕಾಲಿನ ಕೆಳಗಿಡಿ. ಟ್ರೈಪಾಡ್ ನಡುವಿಗೆ ನಾಲ್ಕೈದು ಕೆಜಿ ಮರಳಿನ ಚೀಲ ನೇತುಹಾಕಿ. ಫೋಟೊ ತೆಗೆಯುವಾಗ ಬಾಲ್ಕನಿಯಲ್ಲಿ ನಿಲ್ಲಬೇಡಿ, ಒಳಗೆ ಬಂದುಬಿಡಿ.

ಸಿಮೆಂಟ್ ಕಂಬ ಕಟ್ಟಿಸಿ ಅದರ ಮೇಲೆ ಟೆಲಿಸ್ಕೋಪ್ ಕೂರಿಸೋಣ ಅನ್ನೋ ಯೋಚನೆ ಬಂದ್ರೆ ಎಂಜಿನಿಯರ್ ಕೇಳದೆ ಮಾಡಬೇಡಿ. ಹೊರಚಾಚಿದ ಸ್ಲ್ಯಾಬ್ ಅಂಥ ಭಾರಕ್ಕೆ ಅಂತ ಹಾಕಿದ್ದಲ್ಲ. ಬಾಡಿಗೆ ಮನೆಯಾದ್ರೆ ಮಾಲೀಕರಿಗೂ ಒಂದು ಮಾತು ಹೇಳಿ.

ಏನು ಕೊಳ್ಳಬೇಕು, ಏನು ಬೇಡ

ನನ್ನ ದುಡ್ಡು ಹೋಗಿದ್ದು ಇಲ್ಲಿ. ಡಬ್ಬದ ಮೇಲೆ 675 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಬರೆದಿದ್ದ ಟೆಲಿಸ್ಕೋಪನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಮುಂದಿನ ಗಾಜು 60 ಮಿಲಿಮೀಟರ್. ಲೆಕ್ಕ ಹೀಗಿದೆ: ಗಾಜಿನ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟೇ ಉಪಯೋಗಕ್ಕೆ ಬರುವ ಗರಿಷ್ಠ ಪಟ್ಟು. 60ಕ್ಕೆ 120, ಅಷ್ಟೇ. ಅದಕ್ಕಿಂತ ಹೆಚ್ಚು ಮಾಡಿದ್ರೆ ದೊಡ್ಡ ಮಸುಕು ಕಾಣುತ್ತೆ. ಪಟ್ಟು ತೋರಿಸಿ ಮಾರುವ ಟೆಲಿಸ್ಕೋಪ್ ಕಂಡ್ರೆ ಕೈಮುಗಿದು ಮುಂದೆ ಹೋಗಿ.

ಮೊದಲ ಮೆಟ್ಟಿಲು: ಮೊಬೈಲ್ ಮತ್ತು ಟ್ರೈಪಾಡ್. ಈಗಿನ ಫೋನ್‌ಗಳಲ್ಲಿ ನೈಟ್ ಮೋಡ್ ಅಥವಾ ಪ್ರೊ ಮೋಡ್ ಇರುತ್ತೆ. ಚಂದ್ರ, ಗ್ರಹಗಳ ಜೋಡಿ, ಮಹಾವ್ಯಾಧ ಅಂದ್ರೆ ಓರಿಯನ್ ಪುಂಜ ಇಷ್ಟಕ್ಕೆ ಸಾಕು. ಮೂರು ತಿಂಗಳು ಇದರಲ್ಲೇ ಕಳೀರಿ. ಆಸಕ್ತಿ ಉಳಿಯುತ್ತಾ ಅಂತ ನಿಮಗೇ ಗೊತ್ತಾಗುತ್ತೆ.

ಎರಡನೇ ಮೆಟ್ಟಿಲು: ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ತಾನಾಗಿಯೇ ಕ್ಲಿಕ್ ಮಾಡುವ ಇಂಟರ್ವಲೋಮೀಟರ್. ಮದುವೆ ಫೋಟೊಗ್ರಾಫರ್‌ಗಳು ಹೊಸ ಕ್ಯಾಮೆರಾ ತಗೊಂಡಾಗ ಹಳೆಯದನ್ನು ಕೊಡ್ತಾರೆ, ನಿಮ್ಮೂರಿನ ಸ್ಟುಡಿಯೋದಲ್ಲಿ ವಿಚಾರಿಸಿ. ತಗೊಳ್ಳುವ ಮೊದಲು ಲೆನ್ಸ್‌ನ ಒಳಗೆ ಟಾರ್ಚ್ ಬಿಟ್ಟು ಜೇಡರ ಬಲೆಯಂಥ ಫಂಗಸ್ ಇದೆಯಾ ನೋಡಿ.

ಮೂರನೇ ಮೆಟ್ಟಿಲು: ಸ್ಟಾರ್ ಟ್ರ್ಯಾಕರ್ ಅಥವಾ ಈಕ್ವಟೋರಿಯಲ್ ಮೌಂಟ್. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಯಂತ್ರ ಇದು. ದುಡ್ಡು ಹಾಕೋದಾದ್ರೆ ಟೆಲಿಸ್ಕೋಪಿಗಿಂತ ಮೊದಲು ಇದಕ್ಕೆ ಹಾಕಿ. ಒಳ್ಳೆ ಮೌಂಟ್ ಮೇಲೆ ಸಾಧಾರಣ ಲೆನ್ಸ್ ನಡೆಯುತ್ತೆ, ಅಲ್ಲಾಡುವ ಮೌಂಟ್ ಮೇಲೆ ಎಂಥ ಲೆನ್ಸೂ ನಡೆಯಲ್ಲ.

ನಾಲ್ಕನೆಯದು ಅಡ್ಡದಾರಿ: ಸ್ಮಾರ್ಟ್ ಟೆಲಿಸ್ಕೋಪ್. ಸೀಸ್ಟಾರ್ ಎಸ್50 ಅಂಥದ್ದು. 50 ಮಿಲಿಮೀಟರ್ ಗಾಜು, 250 ಮಿಲಿಮೀಟರ್ ಫೋಕಲ್ ಉದ್ದ, ಎರಡೂವರೆ ಕೆಜಿ ತೂಕ. ಮೊಬೈಲ್‌ನಲ್ಲಿ ಹೆಸರು ಒತ್ತಿದ್ರೆ ತಾನೇ ಹುಡುಕಿ, ತಾನೇ ಫೋಟೊಗಳನ್ನು ಒಟ್ಟು ಸೇರಿಸುತ್ತೆ. ಇಕ್ಕಟ್ಟಿನ ಬಾಲ್ಕನಿಗೆ ಹೇಳಿ ಮಾಡಿಸಿದ್ದು. ಆದ್ರೆ ಗ್ರಹಗಳಿಗೆ ಇದು ಸಾಲದು, ಶನಿಯ ಉಂಗುರ ಪುಟ್ಟ ಚುಕ್ಕೆಯಷ್ಟೇ ಕಾಣುತ್ತೆ.

ಧ್ರುವ ನಕ್ಷತ್ರ ಕಾಣದಿದ್ರೆ ಮಧ್ಯಾಹ್ನದ ನೆರಳು ಸಾಕು

ಮೌಂಟ್ ಸರಿಯಾಗಿ ಕೆಲಸ ಮಾಡ್ಬೇಕಾದ್ರೆ ಅದರ ಅಚ್ಚು ಧ್ರುವ ನಕ್ಷತ್ರದ ಕಡೆ ತಿರುಗಿರಬೇಕು. ದಕ್ಷಿಣದ ಬಾಲ್ಕನಿಯವರಿಗೆ ಹಿಂದೆ ಇಡೀ ಮನೆಯೇ ಅಡ್ಡ. ದಿಕ್ಸೂಚಿ ಇಡೋಣ ಅಂದ್ರೆ ಕಬ್ಬಿಣದ ಗ್ರಿಲ್, ಸ್ಲ್ಯಾಬಿನೊಳಗಿನ ಸರಳು ಸೇರಿ ಅದರ ಮುಳ್ಳನ್ನು ದಾರಿ ತಪ್ಪಿಸುತ್ತವೆ.

ಇದಕ್ಕೆ ಗಾರೆ ಕೆಲಸದವರ ತೂಗುಗುಂಡು ಸಾಕು. ಬಾಲ್ಕನಿಗೆ ಬಿಸಿಲು ಬೀಳುವ ದಿನ, ಸೂರ್ಯ ಸರಿಯಾಗಿ ನೆತ್ತಿರೇಖೆ ದಾಟುವ ಹೊತ್ತಿಗೆ, ತೂಗುಬಿಟ್ಟ ದಾರದ ನೆರಳು ನೆಲದ ಮೇಲೆ ಎಲ್ಲಿ ಬೀಳುತ್ತೋ ಅದೇ ನಿಜವಾದ ಉತ್ತರ-ದಕ್ಷಿಣ ಗೆರೆ. ದಕ್ಷಿಣದ ಬಾಲ್ಕನಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಈ ಬಿಸಿಲು ಚೆನ್ನಾಗಿ ಒಳಗೆ ಬರುತ್ತೆ.

ಆ ಹೊತ್ತು ಗಡಿಯಾರದ 12 ಗಂಟೆ ಅಲ್ಲ! ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು. ಚಿತ್ರದುರ್ಗ ಇರೋದು ಸುಮಾರು 76.4 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಮಧ್ಯಾಹ್ನ 24 ನಿಮಿಷ ತಡ. ಭೂಮಿಯ ಓಟದ ಏರಿಳಿತ ಅದಕ್ಕೆ ಸೇರಿ ನವೆಂಬರ್ ಮೊದಲ ವಾರ 12 ಗಂಟೆ 8 ನಿಮಿಷಕ್ಕೆ, ಡಿಸೆಂಬರ್ 25ರ ಆಸುಪಾಸು 12:24ಕ್ಕೆ, ಫೆಬ್ರವರಿ ಎರಡನೇ ವಾರ ಸುಮಾರು 12:39ಕ್ಕೆ ನಿಜವಾದ ಮಧ್ಯಾಹ್ನ ಆಗುತ್ತೆ. ಬೇರೆ ತಾಲೂಕುಗಳಲ್ಲಿ ಒಂದೆರಡು ನಿಮಿಷ ಆಚೀಚೆ.

ಆ ಗೆರೆಯನ್ನು ಪೇಂಟ್‌ನಲ್ಲಿ ಎಳೆದುಬಿಡಿ. ಟ್ರೈಪಾಡ್ ಕಾಲು ಇಡುವ ಮೂರು ಜಾಗಕ್ಕೂ ಗುರುತು ಹಾಕಿ. ಮೌಂಟ್‌ನ ಎತ್ತರದ ಮಾಪಕವನ್ನು 14 ಡಿಗ್ರಿಗೆ ಇಡಿ. ಇನ್ನು ಪ್ರತಿ ರಾತ್ರಿ ಐದೇ ನಿಮಿಷದಲ್ಲಿ ಎಲ್ಲ ಸಿದ್ಧ. ಉಳಿದ ಸಣ್ಣ ತಪ್ಪನ್ನು ನೀನಾ ಎಂಬ ಉಚಿತ ಸಾಫ್ಟ್‌ವೇರ್‌ನ ಮೂರು ಬಿಂದುಗಳ ವಿಧಾನ ತಿದ್ದುತ್ತೆ, ಅದಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕು ಅಂತಿಲ್ಲ.

ಬೆಳಕಿನ ಕಾಟ: ಅಂಗಡಿಯವರಿಗೆ ಒಂದು ಮಾತು

ನಕ್ಷತ್ರ ಕಾಣದಿರೋದಕ್ಕೆ ಮೋಡಕ್ಕಿಂತ ದೊಡ್ಡ ಕಾರಣ ನಮ್ಮದೇ ದೀಪಗಳು. ಆಕಾಶದ ಕತ್ತಲೆ ಅಳೆಯಲು ಬಾರ್ಟಲ್ ಮಾಪಕ ಅಂತ ಇದೆ, 2001ರಲ್ಲಿ ಬಂದದ್ದು. ಅಚ್ಚ ಕತ್ತಲೆಗೆ 1, ಮಹಾನಗರದ ನಡುವಿಗೆ 9. ಮನೆಯಲ್ಲೇ ಪರೀಕ್ಷೆ ಮಾಡ್ಬೇಕಾ? ಕೃತ್ತಿಕೆಯನ್ನು ನೋಡಿ. ಆರು ನಕ್ಷತ್ರ ಬಿಡಿಬಿಡಿಯಾಗಿ ಕಂಡ್ರೆ ನಿಮ್ಮ ಬಾಲ್ಕನಿ ಪರವಾಗಿಲ್ಲ. ಮಸುಕಾದ ಮೋಡದ ತುಣುಕಿನಂತೆ ಕಂಡ್ರೆ ಬೀದಿ ಬೆಳಕು ಜಾಸ್ತಿ.

ರೇಲಿಂಗ್‌ಗೆ ನರ್ಸರಿಯವರು ಬಳಸುವ ಹಸಿರು ನೆರಳುಪರದೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ. ಲೆನ್ಸ್ ಮುಂದೆ ಕಪ್ಪು ಚಾರ್ಟ್ ಪೇಪರ್ ಸುತ್ತಿ ಒಂದು ಗೇಣು ಉದ್ದದ ಕೊಳವೆ ಮಾಡಿ. ನೀಹಾರಿಕೆಗಳಿಗೆ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಸಿಗುತ್ತೆ. ಅದು ಹೈಡ್ರೋಜನ್‌ನ 656 ನ್ಯಾನೋಮೀಟರ್ ಕೆಂಪು, ಆಮ್ಲಜನಕದ 501 ನ್ಯಾನೋಮೀಟರ್ ಹಸಿರು ಬೆಳಕನ್ನು ಮಾತ್ರ ಒಳಗೆ ಬಿಡುತ್ತೆ. ನಕ್ಷತ್ರಗುಚ್ಛ, ಗೆಲಾಕ್ಸಿಗಳಿಗೆ ಅದರಿಂದ ಅಷ್ಟು ಲಾಭವಿಲ್ಲ, ಅವು ಎಲ್ಲ ಬಣ್ಣದಲ್ಲೂ ಬೆಳಗುತ್ತವೆ.

ಅಂಗಡಿಯವರಿಗೆ ಹೇಳೋದು ಇಷ್ಟೇ. ನಿಮ್ಮ ಬೋರ್ಡ್‌ಗೆ ಬೆಳಕು ಕೆಳಗಿನಿಂದ ಮೇಲಕ್ಕೆ ಬಿಟ್ಟಿದ್ರೆ ಅದರ ಒಂದು ಪಾಲು ಬೋರ್ಡ್ ದಾಟಿ ಆಕಾಶಕ್ಕೆ ಹೋಗುತ್ತೆ. ಆ ಬೆಳಕಿನ ಬಿಲ್ ಕಟ್ಟೋದು ನೀವೇ, ಅದರಿಂದ ಒಬ್ಬ ಗಿರಾಕಿಯೂ ಬರಲ್ಲ. ದೀಪವನ್ನು ಮೇಲಿಟ್ಟು ಕೆಳಕ್ಕೆ ತಿರುಗಿಸಿ, ಮೇಲೊಂದು ತಗಡಿನ ಮುಚ್ಚಳ ಹಾಕಿ. ಬೋರ್ಡ್ ಇನ್ನೂ ಚೆನ್ನಾಗಿ ಕಾಣುತ್ತೆ. ಕಳ್ಳರ ಭಯಕ್ಕೆ ಶಟರ್ ಮುಂದೆ ಒಂದು ದೀಪ ಇರಲಿ, ಬೇಡ ಅನ್ನಲ್ಲ. ಗಿರಾಕಿ ಇಲ್ಲದ ಮಧ್ಯರಾತ್ರಿ ಬೋರ್ಡ್ ಉರಿಸೋದು ಯಾಕೆ? ಬೀದಿದೀಪ ನೇರ ಬಾಲ್ಕನಿಗೆ ಹೊಡೀತಿದ್ರೆ ನಗರಸಭೆ, ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಟ್ಟು ದೀಪಕ್ಕೆ ಮರೆ ಹಾಕಿಸಲು ಕೇಳಬಹುದು. ದೀಪ ತೆಗೆಯಿರಿ ಅಂತ ಕೇಳಬೇಡಿ, ಬೀದಿಯಲ್ಲಿ ಓಡಾಡುವವರಿಗೆ ಅದು ಬೇಕು.

ಇನ್ನು ಕರೆಂಟ್ ಹೋದ್ರೆ ಬೈಕೊಳ್ಳಬೇಡಿ. ಕ್ಯಾಮೆರಾ, ಮೌಂಟ್ 12 ವೋಲ್ಟ್ ಬ್ಯಾಟರಿ ಮೇಲಿದ್ರೆ ಆ ಅರ್ಧ ಗಂಟೆ ನಿಮ್ಮ ಹಬ್ಬ. ಮಂಜು ಬೀಳುವ ರಾತ್ರಿ ಮೇನ್ಸ್ ಎಕ್ಸ್‌ಟೆನ್ಷನ್ ಬೋರ್ಡನ್ನು ಬಾಲ್ಕನಿ ನೆಲದ ಮೇಲಿಡೋದು ಅಪಾಯ, ಬ್ಯಾಟರಿಯೇ ಒಳ್ಳೆಯದು.

ಮೊದಲ ರಾತ್ರಿ: ಹಂತ ಹಂತವಾಗಿ

1. ದಿನ ಆರಿಸಿ. ಅಂಗಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ನೋಡಿ. ಅದರ ಹಿಂದು ಮುಂದಿನ ಐದೈದು ದಿನ ಚಂದ್ರನ ಕಾಟ ಕಡಿಮೆ. ಅಮಾವಾಸ್ಯೆ ಪೂಜೆ ಮುಗಿಸಿ ಬೇಗ ಬಾಗಿಲು ಹಾಕುವವರಿಗೆ ಆ ರಾತ್ರಿಯೇ ಸರಿ.

2. ಅರ್ಧ ಗಂಟೆ ಮೊದಲೇ ಕ್ಯಾಮೆರಾ ಹೊರಗಿಡಿ. ಹೊರಗಿನ ತಂಪಿಗೆ ಲೆನ್ಸ್ ಹೊಂದಿಕೊಳ್ಳಲಿ.

3. ಆಟೋಫೋಕಸ್ ಆಫ್ ಮಾಡಿ. ಪ್ರಕಾಶದ ನಕ್ಷತ್ರವೊಂದನ್ನು ಸ್ಕ್ರೀನಿನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ಅತಿ ಸಣ್ಣ ಚುಕ್ಕೆಯಾಗುವವರೆಗೆ ಫೋಕಸ್ ತಿರುಗಿಸಿ. ಆಮೇಲೆ ರಿಂಗ್‌ಗೆ ಟೇಪ್ ಅಂಟಿಸಿ.

4. ಫೈಲ್ ರಾ ರೂಪದಲ್ಲಿರಲಿ. ಐಎಸ್‌ಒ 1600, ಅಪರ್ಚರ್ ಎಫ್ 2.8 ಅಥವಾ 4.

5. ಎಷ್ಟು ಸೆಕೆಂಡ್? ಟ್ರ್ಯಾಕರ್ ಇಲ್ಲದಿದ್ರೆ 500ನ್ನು ಲೆನ್ಸ್‌ನ ಎಂಎಂನಿಂದ ಭಾಗಿಸಿ. ಚಿಕ್ಕ ಸೆನ್ಸರ್‌ನ ಕ್ಯಾಮೆರಾಗೆ ಎಂಎಂ ಅನ್ನು ಮೊದಲು 1.5ರಿಂದ ಗುಣಿಸಬೇಕು, ಕ್ಯಾನನ್ ಆದ್ರೆ 1.6ರಿಂದ. 18 ಎಂಎಂಗೆ ಸುಮಾರು 18 ಸೆಕೆಂಡ್, 50 ಎಂಎಂಗೆ ಆರೂವರೆ ಸೆಕೆಂಡ್ ಬರುತ್ತೆ. ಇದು ಗರಿಷ್ಠ, ಚುಕ್ಕೆ ಚುಕ್ಕೆಯಾಗಿಯೇ ಬರಬೇಕಂದ್ರೆ ಇದರ ಅರ್ಧಕ್ಕೆ ಇಳಿಸಿ.

6. ಒಂದೇ ಫೋಟೊ ಸಾಲದು. ಅದೇ ಜಾಗದ್ದು 200 ತೆಗೀರಿ. ನಾಲ್ಕು ಪಟ್ಟು ಹೆಚ್ಚು ಫೋಟೊ ಸೇರಿಸಿದ್ರೆ ಚಿತ್ರದ ಕಾಳುಕಾಳು ಅರ್ಧಕ್ಕೆ ಇಳಿಯುತ್ತೆ. ಇದೇ ಈ ವಿದ್ಯೆಯ ಗುಟ್ಟು.

7. ಕೊನೆಗೆ ಲೆನ್ಸ್ ಮುಚ್ಚಳ ಹಾಕಿ, ಅದೇ ಸೆಟ್ಟಿಂಗ್‌ನಲ್ಲಿ 20 ಕಪ್ಪು ಫೋಟೊ ತೆಗೀರಿ. ಇವಕ್ಕೆ ಡಾರ್ಕ್ ಫ್ರೇಮ್ ಅಂತಾರೆ. ಸೆನ್ಸರ್‌ನ ದೋಷ ಕಳೆಯೋಕೆ ಬೇಕು.

8. ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ಸಾಫ್ಟ್‌ವೇರ್‌ನಲ್ಲಿ ಎಲ್ಲ ಸೇರಿಸಿ, ಗಿಂಪ್‌ನಲ್ಲಿ ಬಣ್ಣ ಸರಿಮಾಡಿ. ಮೂರೂ ಉಚಿತ. ಯಾವ ನಕ್ಷತ್ರ ಎಲ್ಲಿದೆ ಅಂತ ಹುಡುಕಲು ಸ್ಟೆಲೇರಿಯಮ್, ಅದರ ಕಂಪ್ಯೂಟರ್ ಆವೃತ್ತಿಯೂ ಉಚಿತ.

ಚಂದ್ರನ ಲೆಕ್ಕ ಬೇರೆ. ಅದು ಬಿಸಿಲಲ್ಲಿರುವ ಬಂಡೆ, ಪ್ರಕಾಶ ಜಾಸ್ತಿ. ಹುಣ್ಣಿಮೆಗೆ ಐಎಸ್‌ಒ 100, ಎಫ್ 11, ಸೆಕೆಂಡಿನ 125ನೇ ಒಂದು ಭಾಗ ಇಟ್ಟು ಶುರು ಮಾಡಿ. ಕುಳಿಗಳು ಚೆನ್ನಾಗಿ ಕಾಣೋದು ಹುಣ್ಣಿಮೆಗಲ್ಲ, ಅಷ್ಟಮಿಯ ಆಸುಪಾಸು, ನೆರಳು ಉದ್ದ ಇದ್ದಾಗ.

ಯಾವ ತಿಂಗಳು ಏನು?

ಜನವರಿ-ಫೆಬ್ರವರಿ: ರಾತ್ರಿ 9ರಿಂದ 10ರ ಹೊತ್ತಿಗೆ ಓರಿಯನ್ ಪುಂಜ ದಕ್ಷಿಣದಲ್ಲಿ ಎತ್ತರಕ್ಕೆ ಬರುತ್ತೆ. ಮೂರು ನಕ್ಷತ್ರದ ಸಾಲಿನ ಕೆಳಗೆ ಓರಿಯನ್ ನೀಹಾರಿಕೆ. ಹೊಸಬರಿಗೆ ಇದಕ್ಕಿಂತ ಸುಲಭದ ಗುರಿ ಇನ್ನೊಂದಿಲ್ಲ. ಸುಮಾರು 70 ಡಿಗ್ರಿ ಎತ್ತರ ಇರೋದ್ರಿಂದ ಟ್ರೈಪಾಡನ್ನು ಅಂಚಿಗೆ ತನ್ನಿ.

ಮಾರ್ಚ್: ಬೆಳಗಿನ ಜಾವ 4ಕ್ಕೆ ಎದ್ದರೆ ಆಗ್ನೇಯದಲ್ಲಿ ಆಕಾಶಗಂಗೆ.

ಏಪ್ರಿಲ್ ಕೊನೆ-ಮೇ: ರಾತ್ರಿ 9ರಿಂದ 10ಕ್ಕೆ ದಕ್ಷಿಣದಲ್ಲಿ ತ್ರಿಶಂಕು, ಅದಾಗಿ ಒಂದು ಗಂಟೆಗೆ ಒಮೆಗಾ ಸೆಂಟಾರಿ.

ಜೂನ್-ಸೆಪ್ಟೆಂಬರ್: ಮೋಡ, ಗಾಳಿ. ಜೋಗಿಮಟ್ಟಿ ಗಾಳಿಗಿರಣಿಗಳಿಗೆ ಸುಗ್ಗಿ, ನಮಗೆ ರಜೆ. ತೆಗೆದ ಫೋಟೊಗಳನ್ನು ಕೂತು ಸರಿಮಾಡುವ ಕಾಲ.

ಅಕ್ಟೋಬರ್: ಮಳೆ ಬಿಟ್ಟ ಸಂಜೆ 7:30ಕ್ಕೆ ನೈರುತ್ಯದಲ್ಲಿ ಧನು ರಾಶಿಯ ಆಕಾಶಗಂಗೆ. ಮಳೆ ತೊಳೆದ ಆಕಾಶ, ದೂಳು ಇರಲ್ಲ.

ನವೆಂಬರ್-ಡಿಸೆಂಬರ್: ಉತ್ತರದ ಬಾಲ್ಕನಿಗೆ ಆಂಡ್ರೊಮಿಡಾ ಗೆಲಾಕ್ಸಿ, ಪೂರ್ವಕ್ಕೆ ಕೃತ್ತಿಕೆ. ಡಿಸೆಂಬರ್ 14ರ ಆಸುಪಾಸು ಜೆಮಿನಿಡ್ ಉಲ್ಕೆಗಳು.

ಒಂದೇ ರಾತ್ರಿ ಎಲ್ಲ ಮುಗಿಯಬೇಕಾಗಿಲ್ಲ. ನಕ್ಷತ್ರ ದಿನಕ್ಕೆ 4 ನಿಮಿಷ ಬೇಗ ಬರುತ್ತೆ, ತಿಂಗಳಿಗೆ 2 ಗಂಟೆ. ಇವತ್ತು ಒಂದು ಗಂಟೆ, ನಾಳೆ ಒಂದು ಗಂಟೆ ಅಂತ ಅದೇ ಗುರುತಿನ ಮೇಲೆ ಕ್ಯಾಮೆರಾ ಇಟ್ಟು ಸೇರಿಸಿಕೊಳ್ಳಬಹುದು. ಬಾಲ್ಕನಿಗೆ ಇರುವ ದೊಡ್ಡ ಬಲ ಇದೇ. ಬೆಟ್ಟಕ್ಕೆ ಹೋದವರು ಒಂದು ರಾತ್ರಿ ಇದ್ದು ಬರ್ತಾರೆ, ನಾವು ತಿಂಗಳೆಲ್ಲ ಇರ್ತೀವಿ.

ಅಕ್ಕಪಕ್ಕದವರಿಗೆ ಮೊದಲೇ ಹೇಳಿ

ಇದನ್ನು ಸಣ್ಣ ವಿಷಯ ಅಂದ್ಕೊಳ್ಳಬೇಡಿ. ಕತ್ತಲಲ್ಲಿ ಬಾಲ್ಕನಿಯಲ್ಲಿ ಉದ್ದದ ಲೆನ್ಸ್ ಇಟ್ಟುಕೊಂಡು ನಿಂತವನನ್ನು ನೋಡಿದ ಯಾರಿಗಾದ್ರೂ ಒಂದೇ ಅನುಮಾನ ಬರೋದು. ಎರಡನೇ ವಾರಕ್ಕೇ ಎದುರು ಮನೆಯ ಹಿರಿಯರು ಕೆಳಗಿಂದ ಕೂಗಿದ್ರು: "ಏನ್ರೀ ಅದು? ಯಾರ ಮನೆ ನೋಡ್ತಾ ಇದೀರಿ ದಿನಾ?" ಬೀದಿಯಲ್ಲಿ ನಾಲ್ಕು ಜನ ನಿಂತು ತಿರುಗಿ ನೋಡಿದ್ರು. ನನ್ನ ಹೆಂಡತಿ ಆ ಕಡೆ ಮುಖ ಕೊಟ್ಟು ಮಾತಾಡೋಕೆ ಒಂದು ವಾರ ಸಂಕೋಚಪಟ್ಟಳು.

ತಪ್ಪು ಅವರದಲ್ಲ, ನನ್ನದೇ. ಮೊದಲೇ ಹೇಳಬೇಕಿತ್ತು. ಮುಂದಿನ ಅಷ್ಟಮಿಗೆ ಅವರನ್ನೇ ಮನೆಗೆ ಕರೆದು, ಕಾಫಿ ಕೊಟ್ಟು, ಚಂದ್ರನ ಕುಳಿ ತೋರಿಸಿದೆ. ಹತ್ತು ನಿಮಿಷ ಕಣ್ಣು ತೆಗೀಲಿಲ್ಲ. "ಇಷ್ಟು ವರ್ಷ ಇದರ ಕೆಳಗೇ ಓಡಾಡಿದೀವಲ್ಲಪ್ಪ" ಅಂದ್ರು. ಈಗ ನಾನು ಬಾಲ್ಕನಿಗೆ ಬಂದ್ರೆ ಅವರ ಮನೆಯ ವರಾಂಡದ ದೀಪ ತಾನಾಗಿಯೇ ಆರುತ್ತೆ.

ನಿಯಮ ಇಷ್ಟು: ಲೆನ್ಸ್ ಯಾವತ್ತೂ ಸೂರಿನ ಮಟ್ಟಕ್ಕಿಂತ ಕೆಳಗೆ ತಿರುಗಬಾರದು. ಕೆಲಸ ಇಲ್ಲದಾಗ ಮುಚ್ಚಳ ಹಾಕಿರಬೇಕು. ಹಸಿರು ಲೇಸರ್ ಬಳಸಬೇಡಿ, ವಿಮಾನದ ಪೈಲಟ್‌ಗೆ ಕಣ್ಣು ಕತ್ತಲಾಗುವ ಅಪಾಯ ಇದೆ.

ಸೂರ್ಯನ ವಿಷಯದಲ್ಲಿ ಹುಡುಗಾಟ ಬೇಡ

ಫಿಲ್ಟರ್ ಇಲ್ಲದ ಟೆಲಿಸ್ಕೋಪ್, ಬೈನಾಕ್ಯುಲರ್‌ನಲ್ಲಿ ಸೂರ್ಯನನ್ನು ಒಂದು ಕ್ಷಣ ನೋಡಿದ್ರೂ ಕಣ್ಣು ಹೋಗಬಹುದು. ನೋವು ಕೂಡ ಗೊತ್ತಾಗಲ್ಲ. ಸೋಲಾರ್ ಫಿಲ್ಟರ್ ಯಾವಾಗಲೂ ಮುಂದಿನ ಗಾಜಿಗೆ ಹಾಕಬೇಕು. ಕಣ್ಣಿಡುವ ಕಡೆ ತಿರುಗಿಸಿ ಹಾಕುವ ಸಣ್ಣ ಸೋಲಾರ್ ಗಾಜು ಡಬ್ಬದಲ್ಲಿ ಬಂದಿದ್ರೆ ಇವತ್ತೇ ಒಡೆದು ಬಿಸಾಕಿ, ಬಿಸಿಗೆ ಅದು ಸೀಳುತ್ತೆ. ಗ್ರಹಣದ ಕನ್ನಡಕ ಬರಿಗಣ್ಣಿಗೆ ಮಾತ್ರ, ಅದನ್ನು ಹಾಕ್ಕೊಂಡು ಟೆಲಿಸ್ಕೋಪ್‌ಗೆ ಕಣ್ಣಿಡಬಾರದು.

ಪೂರ್ವ, ಪಶ್ಚಿಮದ ಬಾಲ್ಕನಿಯವರು ಇನ್ನೊಂದು ನೆನಪಿಡಿ. ಮುಚ್ಚಳ ಹಾಕದ ಟೆಲಿಸ್ಕೋಪ್ ಮೇಲೆ ಬಿಸಿಲು ಬಿದ್ರೆ ಭೂತಗನ್ನಡಿಯ ಹಾಗೆ ಪರದೆಗೆ ಬೆಂಕಿ ಹತ್ತಬಹುದು. ಮಕ್ಕಳು ಮುಂಜಾನೆ ಎದ್ದು ಇಣುಕಬಹುದು. ರಾತ್ರಿ ಎಷ್ಟೇ ನಿದ್ದೆ ಬಂದ್ರೂ ಎಲ್ಲ ಒಳಗಿಟ್ಟೇ ಮಲಗಿ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. ಮೋಡ ಬಿಟ್ಟರೆ ಪಶ್ಚಿಮದ ಬಾಲ್ಕನಿಗಳಿಗೆ ಕಾಣುತ್ತೆ. ಫಿಲ್ಟರ್ ಆವತ್ತು ಹುಡುಕಿದ್ರೆ ಸಿಗಲ್ಲ, ಮೊದಲೇ ತರಿಸಿಡಿ.

ಮಳೆಗಾಲದಲ್ಲಿ ಸಾಮಾನು ಕಾಪಾಡೋದು

ಲೆನ್ಸ್‌ಗೆ ಮಳೆ ನೀರಿಗಿಂತ ದೊಡ್ಡ ಶತ್ರು ತೇವದ ಗಾಳಿ. ಬೀರುವಿನಲ್ಲಿ, ಚರ್ಮದ ಚೀಲದಲ್ಲಿ ಇಟ್ರೆ ಫಂಗಸ್ ಖಚಿತ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತಗೊಂಡು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ಉಪಯೋಗಕ್ಕೆ ಬರುತ್ತೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಅಕ್ಕಿಯೊಳಗೆ ಲೆನ್ಸ್ ಹೂಳೋದು ಬೇಡ, ಹಿಟ್ಟು, ದೂಳು ಒಳಗೆ ಸೇರುತ್ತೆ.

ದೊಡ್ಡವರೂ ಹೀಗೇ ಮಾಡೋದು

ಒಳಗೆ ಕೂತು ಫೋಟೊ ತೆಗೆದ್ರೆ ಅದೇನು ಆಕಾಶ ನೋಡಿದ ಹಾಗಾಯ್ತಾ ಅಂತ ಕೆಲವರು ಕೇಳ್ತಾರೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ! ಅವರ ಗುಮ್ಮಟ ಹಿಮಾಲಯದಲ್ಲಿ, ಕುರ್ಚಿ ಹೊಸಕೋಟೆಯಲ್ಲಿ. ನಮ್ಮ ಕ್ಯಾಮೆರಾ ಬಾಲ್ಕನಿಯಲ್ಲಿ, ಕುರ್ಚಿ ಹಾಲ್‌ನಲ್ಲಿ. ದೂರ ಬೇರೆ, ವಿದ್ಯೆ ಒಂದೇ.

ಈ ಕೆಲಸ ಬರೀ ಚಂದದ ಫೋಟೊಗೆ ಮಾತ್ರವೂ ಅಲ್ಲ. ಕೆಲವು ನಕ್ಷತ್ರಗಳ ಬೆಳಕು ದಿನದಿಂದ ದಿನಕ್ಕೆ ಏರಿಳಿಯುತ್ತೆ. ಅವನ್ನು ಅಳೆದು ದಾಖಲಿಸಲು 1911ರಲ್ಲಿ ಶುರುವಾದ ಅಮೆರಿಕದ ಎಎವಿಎಸ್‌ಒ ಎಂಬ ಸಂಘ ಜಗತ್ತಿನ ಎಲ್ಲೆಡೆಯ ಹವ್ಯಾಸಿಗಳಿಂದ ಅಳತೆ ತಗೊಳ್ಳುತ್ತೆ. ಡಿಎಸ್‌ಎಲ್‌ಆರ್‌ನಿಂದ ಮಾಡಿದ ಅಳತೆಯೂ ನಡೆಯುತ್ತೆ. ಹೈಸ್ಕೂಲ್ ಓದುವ ಮಕ್ಕಳು ಮನೆಯಲ್ಲಿದ್ರೆ ಅವರ ಕೈಗೆ ಇದನ್ನು ಕೊಡಿ.

ಕೊನೆಗೆ ಒಂದು ದಿನಾಂಕ ಬರೆದಿಟ್ಟುಕೊಳ್ಳಿ: 2028ರ ಡಿಸೆಂಬರ್ 31. ಹೊಸ ವರ್ಷದ ಹಿಂದಿನ ರಾತ್ರಿ ಪೂರ್ಣ ಚಂದ್ರಗ್ರಹಣ. ಎಂಟೂವರೆ ಸುಮಾರಿಗೆ ಪೂರ್ವದಲ್ಲಿ ಚಂದ್ರನ ಅಂಚು ಕಪ್ಪಾಗೋಕೆ ಶುರು, ಹತ್ತರಿಂದ ಹನ್ನೊಂದರ ನಡುವೆ ಪೂರ್ತಿ ತಾಮ್ರದ ಬಣ್ಣ. ಇದನ್ನು ಬರಿಗಣ್ಣಲ್ಲಿ ನೋಡೋಕೆ ಯಾವ ಭಯವೂ ಇಲ್ಲ. ಶುರುವಿನ ಭಾಗ ಪೂರ್ವದ ಬಾಲ್ಕನಿಗೇ ಸಿಗುತ್ತೆ. ಚಂದ್ರ ಸ್ಲ್ಯಾಬ್ ದಾಟಿ ಮೇಲೇರಿದ ಮೇಲೆ ಟ್ರೈಪಾಡ್ ಹೊತ್ತು ಟೆರೇಸ್‌ಗೆ ಹೋಗಿ, ಅಕ್ಕಪಕ್ಕದವರನ್ನೂ ಕರ್ಕೊಂಡು ಹೋಗಿ. ಅಷ್ಟರೊಳಗೆ ಕೈ ಪಳಗಬೇಕಾದ್ರೆ ಈ ಅಮಾವಾಸ್ಯೆಗೇ ಟ್ರೈಪಾಡ್ ಹೊರಗೆ ತೆಗೀರಿ.